ಹೆವಿ ಎತ್ತಬೇಕಾ, ಲೈಟ್ ಸಾಕಾ? ಮೈ ಕಟ್ಟಿದವರು ದಯವಿಟ್ಟು ಹೇಳಿ

ಡೊಂಬಿವಲಿ ಕುಂದಾಪ್ರ:

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಘಾಟ್ಕೋಪರ್‌ನ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತೇನೆ. ಊರು ಕುಂದಾಪುರದ ಹತ್ತಿರ. ವಯಸ್ಸು 26, ತೂಕ 68 ಕೆಜಿ. ಬೆಳಗಿನ ಪಾಳಿ ಮುಗಿಸಿ ಲೋಕಲ್ ಟ್ರೇನ್ ಹಿಡಿದು ಡೊಂಬಿವಲಿಗೆ ಬಂದು, ಸಂಜೆ ಜಿಮ್‌ಗೆ ಹೋಗುತ್ತೇನೆ. ಎರಡು ವರ್ಷ ಆಯಿತು. ಒಂದಲ್ಲ ಒಂದು ದಿನ ನಮ್ಮ ಏರಿಯಾದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಸ್ಟೇಜ್ ಹತ್ತಬೇಕು ಅನ್ನುವ ಆಸೆ ಇದೆ.

ಜಿಮ್‌ನಲ್ಲಿ ಇಬ್ಬರು ಟ್ರೇನರ್. 7 ಗಂಟೆವರೆಗೆ ಇರುವವರು ಹೇಳುತ್ತಾರೆ, ಹೆವಿ ಹಾಕು, 5 ರೆಪ್ (ಕೆಳಗಿಡದೆ ಐದು ಸಲ ಎತ್ತುವುದು) ಸಾಕು, ಲೈಟ್ ಹೊಡೆದರೆ ಬರೀ ಟೋನಿಂಗ್ ಅಂತ. ಆಮೇಲೆ ಬರುವವರು ಹೇಳುತ್ತಾರೆ, ತೂಕ ಇಳಿಸು, 20 ರೆಪ್ ಹೊಡೆ, ಪಂಪ್ ಬಂದರೆ, ಅಂದರೆ ರಕ್ತ ತುಂಬಿ ಸ್ನಾಯು ಉಬ್ಬಿದರೆ, ಮೈ ಬರುತ್ತದೆ ಅಂತ. ನಾನು ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) 60 ಕೆಜಿಗೆ 8 ರೆಪ್ ಹೊಡೆಯುತ್ತಿದ್ದೆ. ಎರಡು ತಿಂಗಳ ಹಿಂದೆ ಹಠಕ್ಕೆ ಬಿದ್ದು 80 ಹಾಕಿಸಿದೆ. ಹಿಂದೆ ನಿಂತವರು ರಾಡ್ ಹಿಡಿದುಕೊಂಡೇ 3 ಸಲ ಎತ್ತಿಸಿದರು. ಅವತ್ತು ರಾತ್ರಿಯಿಂದ ಬಲ ಭುಜದ ಮುಂದೆ ಚುಚ್ಚಲು ಶುರುವಾಯಿತು. ಟ್ರೇನಿನಲ್ಲಿ ಮೇಲಿನ ಹಿಡಿ ಹಿಡಿದು ನಿಲ್ಲಲೂ ಆಗುತ್ತಿರಲಿಲ್ಲ. ಈಗ ಸ್ವಲ್ಪ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ.

ಯಾರ ಮಾತು ಕೇಳಬೇಕು?

ಲಾಲ್‌ಬಾಗ್ ಹಳಬ:

ತಮ್ಮಾ, ಮೊದಲು ಆ ಭುಜ ತೋರಿಸು. ನೋವು ಇರುವಾಗ ರಾಡ್‌ನ ಬೆಂಚ್ ಬೇಡ. ಉಳಿದದ್ದು ಆಮೇಲೆ.

ನನಗೆ ಈಗ 57. ಅಪ್ಪ ಇಲ್ಲಿ ಮುಂಬೈಯ ಲಾಲ್‌ಬಾಗ್‌ನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿದ್ದರು. ನಾವಿದ್ದ ಚಾಳಿನ ಪಕ್ಕದಲ್ಲೇ ಒಂದು ವ್ಯಾಯಾಮಶಾಲೆ ಇತ್ತು. ಬಾಗಿಲಲ್ಲಿ ಹನುಮಂತನ ಪಟ, ಒಳಗೆ ಎರಡು ರಾಡು, ಎರಕದ ಕಬ್ಬಿಣದ ಪ್ಲೇಟುಗಳು. ಎಲ್ಲ ಸೇರಿಸಿದರೂ 120 ಕೆಜಿ ಆಗುತ್ತಿರಲಿಲ್ಲ. ಹುಡುಗರು ಇಪ್ಪತ್ತು ಜನ. ಸರದಿ ಬಂದಾಗ ರಾಡಿನಲ್ಲಿ ಎಷ್ಟಿದೆಯೋ ಅಷ್ಟನ್ನೇ ಎತ್ತಬೇಕು. ಹೆವಿ, ಲೈಟ್ ಅಂತ ಆರಿಸುವ ಭಾಗ್ಯ ಇರಲಿಲ್ಲ. ಸರ್ ಒಂದೇ ಮಾತು ಹೇಳುತ್ತಿದ್ದರು: ರಾಡ್ ತಾನಾಗಿ ನಿಧಾನ ಆಗುವವರೆಗೆ ಕೆಳಗಿಡಬೇಡ. ಅಲ್ಲಿಂದ ಸ್ಟೇಜ್ ಹತ್ತಿದವರು ಎಷ್ಟೋ ಜನ ಇದ್ದಾರೆ.

"ತಾನಾಗಿ ನಿಧಾನ" ಅಂದರೆ ಏನು ಅಂತ ಸರಿಯಾಗಿ ಹೇಳುತ್ತೇನೆ, ಏಕೆಂದರೆ ಎಲ್ಲ ಇರುವುದು ಅಲ್ಲೇ. ನಿನಗೆ ಸುಮಾರು 15 ಬರುವಂಥ ತೂಕ ತಗೋ. ಬೈಸೆಪ್ಸ್ ಕರ್ಲ್ (ಮೊಣಕೈ ಮಡಚಿ ಡಂಬೆಲ್ ಎತ್ತುವುದು) ಅಂತ ಇಟ್ಟುಕೋ. ಮೊದಲ ಎಂಟು ಒಂದೇ ವೇಗದಲ್ಲಿ ಹೋಗುತ್ತವೆ. ಒಂಬತ್ತು, ಹತ್ತರಲ್ಲಿ ತೋಳು ಬಿಸಿ ಆಗುತ್ತದೆ, ಆದರೂ ವೇಗ ಹಾಗೇ ಇರುತ್ತದೆ. ಹನ್ನೆರಡನೆಯದಕ್ಕೆ ನೀನು ಅಷ್ಟೇ ಜೋರಾಗಿ ಎಳೆಯುತ್ತೀಯ, ಆದರೆ ಡಂಬೆಲ್ ಅರ್ಧ ದಾರಿಯಲ್ಲಿ ತಡೆಯುತ್ತದೆ. ಹದಿಮೂರರಲ್ಲಿ ಸೊಂಟ ಆಡಿಸಿ ಎತ್ತಿಬಿಡೋಣ ಅನ್ನಿಸುತ್ತದೆ. ಅಲ್ಲಿ ಸೊಂಟ ಆಡಿಸದೆ ಎತ್ತಬೇಕು. ಹದಿನಾಲ್ಕು ಇನ್ನೂ ನಿಧಾನ. ಹದಿನೈದು ಬಂದರೆ ಬಂತು. ಇಷ್ಟು ಮಾಡಿದರೆ ಅದು ಒಂದು ಸೆಟ್. ಎಷ್ಟೋ ಹುಡುಗರು ಬಿಸಿ ಆದ ಕೂಡಲೇ ಹತ್ತಕ್ಕೇ ಇಟ್ಟು ಫೋನ್ ತೆಗೆಯುತ್ತಾರೆ. ಆಮೇಲೆ ಲೈಟ್ ವೇಟ್‌ನಿಂದ ಏನೂ ಆಗಲ್ಲ ಅನ್ನುತ್ತಾರೆ.

ಪಿಂಪರಿ ಬೆಳಗಾವಿ:

ಹಿರಿಯರಿಗೆ ಗೌರವ ಕೊಟ್ಟೇ ಹೇಳುತ್ತೇನೆ, ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಾನು ಪುಣೆ ಹತ್ತಿರದ ಪಿಂಪರಿಯಲ್ಲಿ ಕಾರ್ಖಾನೆ ಕೆಲಸದವನು, ಆರು ವರ್ಷದಿಂದ ಹೆವಿ ಎತ್ತುತ್ತಿದ್ದೇನೆ. ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವುದು) 180 ಕೆಜಿಗೆ ಬಂದಮೇಲೆ ನನ್ನ ಬೆನ್ನಿನ ಸ್ನಾಯು ಬಂದಿದ್ದು. ಅದಕ್ಕೆ ಮುಂಚೆ ಎರಡು ವರ್ಷ 15, 20 ರೆಪ್ ಹೊಡೆದು ಸುಮ್ನೆ ಬೆವರು ಸುರಿಸಿದೆ. ರಾನಿ ಕೋಲ್‌ಮನ್ ಬಾಡಿ ಬಿಲ್ಡಿಂಗ್‌ನ ದೊಡ್ಡ ಸ್ಪರ್ಧೆ ಮಿಸ್ಟರ್ ಒಲಿಂಪಿಯಾವನ್ನು ಎಂಟು ಸಲ ಗೆದ್ದವರು, 1998ರಿಂದ 2005ರವರೆಗೆ ಸತತವಾಗಿ. 800 ಪೌಂಡ್, ಅಂದರೆ 360 ಕೆಜಿಗೂ ಜಾಸ್ತಿ ಹಾಕಿ ಎರಡು ಸ್ಕ್ವಾಟ್ (ಹೆಗಲ ಮೇಲೆ ರಾಡ್ ಇಟ್ಟು ಕೂತು ಏಳುವುದು) ಹೊಡೆದರು. ಅಂಥ ಮೈ ಲೈಟ್‌ನಲ್ಲಿ ಬರುತ್ತದಾ?

ತೂಕ ಏರದಿದ್ದರೆ ಮೈ ಏರುವುದಿಲ್ಲ ಅನ್ನುವುದು ನನ್ನ ಅನುಭವ.

ಕಸಬಾ ಪೇಟೆ ವಿಜಯಪುರ:

ಬೆಳಗಾವಿ ಅಣ್ಣಾವ್ರೇ, ನೀವು ಆ ಕಡೆಯವರೇ ಆಗಿ ಗರಡಿಯನ್ನು ಮರೆತಿರಲ್ಲ. ನಮ್ಮಜ್ಜ ಪೈಲ್ವಾನ್. ಇಲ್ಲಿ ಪುಣೆಯ ತಾಲೀಮುಗಳಲ್ಲಿ ಈಗಲೂ ನೋಡಬಹುದು, ಬೆಳಗಿನ ಜಾವ ಹುಡುಗರು ನೂರಾರು ಬಸ್ಕಿ, ನೂರಾರು ದಂಡ ತೆಗೆಯುತ್ತಾರೆ. ಪ್ಲೇಟು ಇಲ್ಲ, ರಾಡ್ ಇಲ್ಲ, ತಮ್ಮ ಮೈಭಾರವೇ ತೂಕ. ಅವರ ತೊಡೆ ನೋಡಿದ್ದೀರಾ? ನನ್ನ ಸೊಂಟದಷ್ಟು ಇರುತ್ತದೆ.

ಸ್ಕ್ವಾಟ್ ಮಾತು ಬಂದದ್ದಕ್ಕೆ ಟಾಮ್ ಪ್ಲಾಟ್ಜ್ ಹೆಸರೂ ಹೇಳುತ್ತೇನೆ. ಅವರ ತೊಡೆಗೆ ಹೋಲಿಕೆ ಇಲ್ಲ ಅಂತ ಇವತ್ತಿಗೂ ಬಾಡಿ ಬಿಲ್ಡರುಗಳೇ ಹೇಳುತ್ತಾರೆ. 500 ಪೌಂಡಿನ ಆಸುಪಾಸು, ಅಂದರೆ 230 ಕೆಜಿ ಹತ್ತಿರ ಹಾಕಿ 23 ರೆಪ್ ಹೊಡೆದವರು. ಅವತ್ತು ಅವರ ಎದುರು ಇದ್ದವರು ಪವರ್‌ಲಿಫ್ಟರ್ ಫ್ರೆಡ್ ಹ್ಯಾಟ್‌ಫೀಲ್ಡ್. ಒಂದೇ ಸಲ ಎತ್ತುವ ಭಾರದಲ್ಲಿ ಹ್ಯಾಟ್‌ಫೀಲ್ಡ್ ಗೆದ್ದರು, ಜಾಸ್ತಿ ರೆಪ್‌ನಲ್ಲಿ ಪ್ಲಾಟ್ಜ್ ಗೆದ್ದರು. ತೊಡೆ ದೊಡ್ಡದಿದ್ದದ್ದು ಪ್ಲಾಟ್ಜ್‌ದು.

ಪಿಂಪರಿ ಬೆಳಗಾವಿ:

ಅಷ್ಟು ಭಾರವನ್ನು ಲೈಟ್ ಅನ್ನುತ್ತೀರಾ ತಮ್ಮಾ?

ಕಸಬಾ ಪೇಟೆ ವಿಜಯಪುರ:

ಅವರಿಗೆ ಅದು 23 ರೆಪ್‌ನ ತೂಕ. ನನಗೆ 23 ರೆಪ್‌ನ ತೂಕ 50 ಕೆಜಿ. ಹೆವಿ, ಲೈಟ್ ಅನ್ನುವುದನ್ನು ಪ್ಲೇಟಿನ ಮೇಲಿನ ನಂಬರ್ ನೋಡಿ ಹೇಳಲು ಆಗುವುದಿಲ್ಲ ಅಲ್ವಾ?

ಥಾಣೆ ಫಿಸಿಯೊ:

ನಾನು ಧಾರವಾಡದವಳು, ಥಾಣೆಯಲ್ಲಿ ಫಿಸಿಯೊಥೆರಪಿಸ್ಟ್ ಆಗಿ ಕೆಲಸ. ಭುಜ ಹಿಡಿದುಕೊಂಡು ಬರುವ ಜಿಮ್ ಹುಡುಗರನ್ನು ವಾರಕ್ಕೆ ನಾಲ್ಕೈದು ಜನರನ್ನಾದರೂ ನೋಡುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಾವಧಾನವಾಗಿ ಓದಿ.

ಒಂದು ಸ್ನಾಯುವಿನಲ್ಲಿ ಸಾವಿರಾರು ಎಳೆಗಳು ಇರುತ್ತವೆ. ಮೆದುಳು ಅವನ್ನೆಲ್ಲ ಒಟ್ಟಿಗೆ ಕೆಲಸಕ್ಕೆ ಕರೆಯುವುದಿಲ್ಲ. ಮೊದಲು ಸಣ್ಣ ಗುಂಪುಗಳು, ಅವುಗಳಿಂದ ಆಗದಿದ್ದಾಗ ದೊಡ್ಡ ಗುಂಪುಗಳು. ಹೆನ್ನೆಮನ್ ಎಂಬ ವಿಜ್ಞಾನಿ 1965ರಲ್ಲೇ ಇದನ್ನು ತೋರಿಸಿಕೊಟ್ಟರು. ಜಾಸ್ತಿ ಬೆಳೆಯುವ ಶಕ್ತಿ ಇರುವುದು ಈ ದೊಡ್ಡ ಗುಂಪಿನ ಎಳೆಗಳಿಗೆ. ಹೆವಿ ಎತ್ತಿದರೆ ಅವು ಮೊದಲ ರೆಪ್‌ನಲ್ಲೇ ಎದ್ದು ಬರುತ್ತವೆ. ಲೈಟ್ ಎತ್ತಿದರೆ ಸಣ್ಣವು ದಣಿದ ಮೇಲೆ, ಕೊನೆಗೆ ಬರುತ್ತವೆ. ಲಾಲ್‌ಬಾಗ್ ಅಣ್ಣ ಹೇಳಿದ "ರಾಡ್ ತಾನಾಗಿ ನಿಧಾನ" ಆಗುವುದು ಸರಿಯಾಗಿ ಆ ಹೊತ್ತಿಗೇ. ಅವರ ಸರ್ ಯಾವ ಪುಸ್ತಕವನ್ನೂ ನೋಡದೆ ಕಣ್ಣಳತೆಯಲ್ಲೇ ಅದನ್ನು ಹಿಡಿದಿದ್ದರು. ಓದಿ ನನಗೆ ತುಂಬಾ ಖುಷಿಯಾಯಿತು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಯುವಕರಿಗೆ ಹತ್ತು ವಾರ ಲೆಗ್ ಎಕ್ಸ್‌ಟೆನ್ಷನ್ (ಕೂತು ಮೊಣಕಾಲು ನೇರ ಮಾಡಿ ಭಾರ ಎತ್ತುವುದು) ಮಾಡಿಸಿದರು. ಒಂದು ಸಲ ಮಾತ್ರ ಎತ್ತಲು ಆಗುವ ಭಾರವನ್ನು 100 ಅಂತ ಇಟ್ಟುಕೊಂಡರೆ ಕೆಲವು ಕಾಲಿಗೆ 80, ಕೆಲವು ಕಾಲಿಗೆ ಬರೀ 30. ಸೆಟ್ ನಿಲ್ಲಿಸುವುದು ಇನ್ನು ಆಗಲ್ಲ ಅನ್ನಿಸಿದಾಗಲೇ. ಮೂರು ಸೆಟ್ ಮಾಡಿದಾಗ ಎರಡೂ ಭಾರದಲ್ಲಿ ತೊಡೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆದಿತ್ತು. "ಅವರು ಹೊಸಬರು, ಹೊಸಬರಿಗೆ ಏನು ಮಾಡಿದರೂ ಬೆಳೆಯುತ್ತದೆ" ಅಂತ ಕೇಳುವವರು ಇದ್ದರು, ನ್ಯಾಯವಾದ ಪ್ರಶ್ನೆ. ಅದಕ್ಕೇ ಅದೇ ವಿಶ್ವವಿದ್ಯಾಲಯದವರು ಮೊದಲೇ ಜಿಮ್ ಮಾಡುತ್ತಿದ್ದ 49 ಗಂಡಸರಿಗೆ ಹನ್ನೆರಡು ವಾರ ಮಾಡಿಸಿ ನೋಡಿದರು. ಒಂದು ಗುಂಪಿಗೆ 8ರಿಂದ 12 ರೆಪ್, ಇನ್ನೊಂದಕ್ಕೆ 20ರಿಂದ 25. 2016ರಲ್ಲಿ ಬಂದ ಆ ಫಲಿತಾಂಶದಲ್ಲೂ ಮೈ ಬೆಳೆದದ್ದು ಸಮಸಮ. ಆದರೆ ಬೆಂಚ್ ಪ್ರೆಸ್‌ನಲ್ಲಿ ಒಂದೇ ಸಲ ಎತ್ತುವ ಶಕ್ತಿ ಹೆವಿ ಗುಂಪಿಗೆ ಜಾಸ್ತಿ ಬಂತು.

ಹಾಗಾಗಿ ಬೆಳಗಾವಿ ಅಣ್ಣನ ಮಾತಲ್ಲೂ ಸತ್ಯ ಇದೆ. ಶಕ್ತಿ ಬೇಕಾದವರು ಹೆವಿ ಎತ್ತಲೇಬೇಕು. ಹಾಗೇ ಲೈಟ್‌ಗೂ ಒಂದು ಕೆಳಗಿನ ಗೆರೆ ಇದೆ. 100ರಲ್ಲಿ 20ರಷ್ಟು ಮಾತ್ರ ಹಾಕಿ ನೋಡಿದಾಗ ಬೆಳವಣಿಗೆ ಕಡಿಮೆಯಾದದ್ದು ಕಂಡಿದೆ. 40, 60, 80ರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಲೈಟ್ ಅಂದರೆ ನೀರಿನ ಬಾಟಲಿ ಹಿಡಿದು ಆಡಿಸುವುದು ಅಂತ ಯಾರೂ ತಿಳಿಯಬಾರದು.

ಇನ್ನೊಂದು ಪ್ರಯೋಗ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2014ರಲ್ಲಿ ಸಂಶೋಧಕ ಶೋನ್‌ಫೆಲ್ಡ್ ಮತ್ತು ಜೊತೆಗಾರರು ಒಂದು ಗುಂಪಿಗೆ 3 ರೆಪ್‌ನ 7 ಸೆಟ್, ಇನ್ನೊಂದಕ್ಕೆ 10 ರೆಪ್‌ನ 3 ಸೆಟ್ ಮಾಡಿಸಿದರು. ಬೈಸೆಪ್ಸ್ ಬೆಳೆದದ್ದು ಒಂದೇ ಥರ. ಆದರೆ 10 ರೆಪ್‌ನವರ ಕೆಲಸ ಸುಮಾರು 17 ನಿಮಿಷದಲ್ಲಿ ಮುಗಿದರೆ, 3 ರೆಪ್‌ನವರಿಗೆ 70 ನಿಮಿಷ ಹಿಡಿಯಿತು. ಕೊನೆಕೊನೆಗೆ ಅವರು ಕೀಲು ನೋವು, ಸುಸ್ತು ಅನ್ನುತ್ತಿದ್ದರು. ಪಾಳಿಯೆಲ್ಲ ಗಲ್ಲಾದಲ್ಲಿ ಕೂತು, ಲೋಕಲ್‌ನಲ್ಲಿ ನಿಂತು ಬರುವ ಹುಡುಗನಿಗೆ ಈ ಲೆಕ್ಕ ಬೇಕೇ ಬೇಕು.

ಕುಂದಾಪುರದ ತಮ್ಮಾ, ಬರಹ ನೋಡಿ ಭುಜದಲ್ಲಿ ಏನಾಗಿದೆ ಅಂತ ಹೇಳಲು ಆಗುವುದಿಲ್ಲ. ಎರಡು ತಿಂಗಳಾದರೂ ಹೋಗದ ನೋವನ್ನು ಬಿಡಬೇಡ. ಮೂಳೆ ಡಾಕ್ಟರಿಗೋ ಹತ್ತಿರದ ಫಿಸಿಯೊಗೋ ತೋರಿಸು.

ಪಿಂಪರಿ ಬೆಳಗಾವಿ:

ಥ್ಯಾಂಕ್ಸ್ ಅಕ್ಕಾ. ಯೋಚನೆ ಮಾಡುತ್ತಾ ಕೂತೆ. ಆ ಎರಡು ವರ್ಷ 20 ರೆಪ್ ಹೊಡೆದೆ ಅಂದೆನಲ್ಲ, ಆಗ 20ಕ್ಕೆ ನಿಲ್ಲಿಸುತ್ತಿದ್ದೆ. ನಿಜ ಹೇಳಬೇಕೆಂದರೆ 30 ಬರುತ್ತಿತ್ತು. ಯಾರೂ ಮುಂದೆ ಹೊಡೆ ಅಂತ ಹೇಳಲಿಲ್ಲ. ಊಟವೂ ಆಗ ಕಂಪನಿ ಕ್ಯಾಂಟೀನಿನದೇ, ಅನ್ನ ಸಾರು. ಹೆವಿ ಶುರು ಮಾಡಿದ ವರ್ಷವೇ ಮೊಟ್ಟೆ, ಕೋಳಿ ಶುರು ಮಾಡಿದ್ದು. ಎಲ್ಲದರ ಹೆಸರನ್ನೂ ಡೆಡ್‌ಲಿಫ್ಟ್‌ಗೆ ಕೊಟ್ಟೆ ಅನ್ನಿಸುತ್ತಿದೆ.

ಆದರೂ ಒಂದು ಮಾತು. ಸ್ಕ್ವಾಟ್‌ನಲ್ಲಿ 25 ರೆಪ್ ಹೊಡೆದರೆ ತೊಡೆಗಿಂತ ಮೊದಲು ಉಸಿರು ಸೋಲುತ್ತದೆ. ಡೆಡ್‌ಲಿಫ್ಟ್‌ನಲ್ಲಿ ಹಿಡಿತ ಸೋಲುತ್ತದೆ, ಸೊಂಟ ಬಗ್ಗುತ್ತದೆ. ಅಂಥ ದೊಡ್ಡ ಎತ್ತುಗಳಿಗೆ ಹೆವಿಯೇ ಸರಿ. ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಲಾಲ್‌ಬಾಗ್ ಹಳಬ:

ಈ ಮಾತು ನೂರಕ್ಕೆ ನೂರು ಸರಿ. ಡೆಡ್‌ಲಿಫ್ಟ್ 25 ರೆಪ್ ಹೊಡೆಸುವ ಟ್ರೇನರ್ ಕಂಡರೆ ಓಡಿಹೋಗಬೇಕು. ಅದು 5ರಿಂದ 8. ಸ್ಕ್ವಾಟ್ 6ರಿಂದ 12. ಸೈಡ್ ರೈಸ್ (ಕೈಯನ್ನು ಪಕ್ಕಕ್ಕೆ ಎತ್ತುವುದು), ಕೇಬಲ್ ಫ್ಲೈ (ಕೇಬಲ್ ಎಳೆದು ಕೈಗಳನ್ನು ಎದೆಯ ಮುಂದೆ ತರುವುದು), ಲೆಗ್ ಎಕ್ಸ್‌ಟೆನ್ಷನ್ ಇಂಥ ಒಂಟಿ ಕೀಲಿನ ಕೆಲಸಕ್ಕೆ 12ರಿಂದ 20, ಬೇಕಾದರೆ 25. ಸೈಡ್ ರೈಸ್‌ಗೆ 5 ರೆಪ್‌ನ ತೂಕ ಹಾಕಿದರೆ ಭುಜಕ್ಕಿಂತ ಕುತ್ತಿಗೆ ಎತ್ತುತ್ತದೆ.

ನಮ್ಮ ಗಲ್ಲಿ ಜಿಮ್‌ಗಳಲ್ಲಿ ಇನ್ನೊಂದು ತೊಂದರೆ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಸಣ್ಣ ಪ್ಲೇಟು ಇರುವುದಿಲ್ಲ. ಅತಿ ಚಿಕ್ಕದು 2.5 ಕೆಜಿ. ಎರಡೂ ಕಡೆ ಹಾಕಿದರೆ 5 ಏರಿತು. ಬೆಂಚ್ 60ರಿಂದ 65ಕ್ಕೆ ಹೋಗುವುದು 100ಕ್ಕೆ 8ರಷ್ಟು ಏರಿಕೆ. ಡಂಬೆಲ್‌ನಲ್ಲಿ 5 ಬಿಟ್ಟರೆ ಮುಂದಿನದು 7.5. ಸೈಡ್ ರೈಸ್‌ಗೆ ಅದು ಅರ್ಧಕ್ಕರ್ಧ ಏರಿಕೆ! ಹುಡುಗರು ನಿನ್ನೆ 5 ಕೆಜಿಗೆ 10 ಹೊಡೆದು ಇವತ್ತು 7.5 ಎತ್ತಿಕೊಂಡು ಮೈಯೆಲ್ಲ ಆಡಿಸುತ್ತಾರೆ. ಹಾಗೆ ಮಾಡಬೇಡಿ. 5 ಕೆಜಿಯಲ್ಲೇ 10ರಿಂದ 12, 15, 20ಕ್ಕೆ ಏರಿ. 20 ಚೆನ್ನಾಗಿ ಬಂದ ದಿನ 7.5 ಮುಟ್ಟಿ, ರೆಪ್ ಕಡಿಮೆ ಆದರೂ ಸರಿಯಾಗಿ ಬರುತ್ತದೆ. ತೂಕ ಏರಿಸಲು ಆಗದ ಕಡೆ ರೆಪ್ ಏರಿಸುವುದು, ಇಷ್ಟೇ. ಬೆಂಚ್‌ಗೂ ಹಾಗೇ. 60ಕ್ಕೆ 8, 7, 6 ಬರುತ್ತಿದ್ದರೆ 10, 9, 9 ಆಗುವವರೆಗೆ 65ನ್ನು ಕಣ್ಣೆತ್ತಿ ನೋಡಬೇಡಿ.

ವಾಸ್ಕೋ ಗದಗ:

ನಾನು ಗೋವಾದ ವಾಸ್ಕೋದಲ್ಲಿದ್ದೇನೆ, ಬಂದರಿನಲ್ಲಿ ಪಾಳಿ ಕೆಲಸ. ಜಿಮ್‌ಗೆ ಹೋಗಲು ಹೊತ್ತು ಸಿಗುವುದಿಲ್ಲ. ರೂಮಿನಲ್ಲಿ 10 ಕೆಜಿಯ ಎರಡು ಡಂಬೆಲ್ ಇವೆ, ಅಷ್ಟೇ. ಇದರಲ್ಲಿ ಮೈ ಮಾಡಬಹುದಾ? ಇಷ್ಟು ದಿನ ಆಗಲ್ಲ ಅಂತ ಬಿಟ್ಟುಬಿಟ್ಟಿದ್ದೆ.

ಕಸಬಾ ಪೇಟೆ ವಿಜಯಪುರ:

ಖಂಡಿತ ಆಗುತ್ತದೆ ಗೆಳೆಯಾ. ತೋಳು, ಭುಜಕ್ಕೆ 10 ಕೆಜಿ ಬೇಕಾದಷ್ಟಾಯಿತು. ಎದೆಗೆ ದಂಡ ತೆಗಿ, ಸುಲಭ ಆದರೆ ಕಾಲನ್ನು ಮಂಚದ ಮೇಲಿಟ್ಟು ತೆಗಿ. ಕಾಲಿಗೆ ಎರಡೂ ಡಂಬೆಲ್ ಹಿಡಿದು ಒಂದೇ ಕಾಲಿನ ಸ್ಕ್ವಾಟ್, ಹಿಂದಿನ ಕಾಲು ಸ್ಟೂಲಿನ ಮೇಲೆ. ಇಳಿಯುವಾಗ ಮೂರು ಎಣಿಸು. ಹನ್ನೆರಡಕ್ಕೇ ತೊಡೆ ನಡುಗುತ್ತದೆ. ಬೆನ್ನಿಗೆ ಮಾತ್ರ ಎಲ್ಲಾದರೂ ಒಂದು ಕಂಬಿ ಹುಡುಕಿಕೊ, ನೇತಾಡಿ ಮೈ ಎಳೆಯಲು.

ಮಾಟುಂಗಾ ಮೈಸೂರು:

ನಾನು 48ರ ಹೆಂಗಸು. ಸಂಘದ ಕಾರ್ಯಕ್ರಮಗಳಲ್ಲಿ ಸಿಗುವ ಗೆಳತಿಯರೆಲ್ಲ "ಹೆವಿ ಎತ್ತಬೇಡ, ಗಂಡಸಿನ ಥರ ಆಗುತ್ತೀಯ" ಅನ್ನುತ್ತಾರೆ. 2 ಕೆಜಿ ಗುಲಾಬಿ ಡಂಬೆಲ್ ಹಿಡಿದು 30 ಸಲ ಆಡಿಸಿ ಬರುತ್ತಿದ್ದೇನೆ. ಟೋನಿಂಗ್ ಆಗುತ್ತದೆ ಅಂತ ಟ್ರೇನರ್ ಹೇಳಿದರು. ಒಂದು ವರ್ಷ ಆಯಿತು, ಏನೂ ಬದಲಾಗಿಲ್ಲ.

ಥಾಣೆ ಫಿಸಿಯೊ:

ಅಕ್ಕಾ, ಟೋನಿಂಗ್ ಅನ್ನುವ ಬೇರೆ ವ್ಯಾಯಾಮವೇ ಇಲ್ಲ. ಸ್ನಾಯು ಬೆಳೆಯಬೇಕು, ಮೇಲಿನ ಕೊಬ್ಬು ಕರಗಬೇಕು, ಆಗ ಆಕಾರ ಕಾಣುತ್ತದೆ. ಕೊಬ್ಬು ಕರಗುವುದು ಊಟದ ಲೆಕ್ಕದಿಂದ. ತೋಳನ್ನು 30 ಸಲ ಆಡಿಸಿದರೆ ತೋಳಿನ ಕೊಬ್ಬೇ ಹೋಗುತ್ತದೆ ಅನ್ನುವುದು ಸುಳ್ಳು. ಗಂಡಸಿನ ಥರ ಆಗುವ ಭಯ ಬಿಡಿ, ಹೆಂಗಸರ ದೇಹದಲ್ಲಿ ಟೆಸ್ಟೋಸ್ಟಿರಾನ್ ಗಂಡಸರಿಗಿಂತ ಎಷ್ಟೋ ಪಟ್ಟು ಕಡಿಮೆ.

ನಿಮ್ಮ ವಯಸ್ಸಿಗೆ ನಾನು ಸ್ವಲ್ಪ ಭಾರದ ಕಡೆಗೇ ಹೋಗಿ ಅನ್ನುತ್ತೇನೆ. ಮುಟ್ಟು ನಿಲ್ಲುವ ಹೊತ್ತಿಗೆ ಮೂಳೆ ಸವೆಯಲು ಶುರುವಾಗುತ್ತದೆ, ಮೂಳೆಗೆ ಭಾರ ಬೇಕು. 8ರಿಂದ 12 ಬರುವ ತೂಕ ಹಿಡಿಯಿರಿ, ಕಲಿಸುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಬಿಪಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ಆ ಕ್ಷಣಕ್ಕೆ ಬಿಪಿ ತುಂಬಾ ಮೇಲೆ ಹೋಗುತ್ತದೆ.

ಲಾಲ್‌ಬಾಗ್ ಹಳಬ:

ಬೆಂಗಳೂರಿನಲ್ಲಿ ಪ್ರೊಫೆಸರ್ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತಲ್ಲ, ಕಾದಂಬರಿಕಾರರೂ ಆಗಿದ್ದವರು. ಅಷ್ಟು ಹಿಂದೆಯೇ ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರ, ಆಸನ ಸೇರಿಸಿ ಕಲಿಸುತ್ತಿದ್ದರು. ಅವರ ಫೋಟೋ ಹುಡುಕಿ ನೋಡಿ ಹುಡುಗರೇ. ಕಲ್ಲಿನಲ್ಲಿ ಕೆತ್ತಿದ ಹಾಗಿದ್ದಾರೆ. ಭಾರವೂ ಬೇಕು, ಮೈಯ ಬಳುಕೂ ಬೇಕು ಅಂತ ನಮ್ಮವರೇ ತೋರಿಸಿಕೊಟ್ಟಿದ್ದಾರೆ.

ಕುಂದಾಪುರದ ತಮ್ಮನ ಊಟದ ಬಗ್ಗೆ ಯಾರೂ ಕೇಳಲಿಲ್ಲ. ಹೋಟೆಲಿನಲ್ಲಿ ಏನು ತಿನ್ನುತ್ತೀಯ?

ಡೊಂಬಿವಲಿ ಕುಂದಾಪ್ರ:

ಬೆಳಿಗ್ಗೆ ಇಡ್ಲಿ ಸಾಂಬಾರ್, ಮಧ್ಯಾಹ್ನ ಅನ್ನ, ದಾಲ್, ಪಲ್ಯ. ನಮ್ಮದು ಸಸ್ಯಾಹಾರಿ ಹೋಟೆಲ್. ರಾತ್ರಿ ರೂಮಿನಲ್ಲಿ ಎರಡು ಮೊಟ್ಟೆ.

ಥಾಣೆ ಫಿಸಿಯೊ:

ಅದು ಸಾಲದು. ಮೈ ಕಟ್ಟುವವರಿಗೆ ದೇಹದ ಒಂದು ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 68 ಕೆಜಿಗೆ ಹತ್ತಿರ ಹತ್ತಿರ 110 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ ಸಿಗುತ್ತದೆ, ಬೆಲೆಯೂ ಕಡಿಮೆ. 100 ಗ್ರಾಂ ಪನೀರ್‌ನಲ್ಲಿ 18ರ ಹತ್ತಿರ. ಮೀನು ತಿನ್ನುವವನಾದರೆ ರಾತ್ರಿ ಬಂಗುಡೆ ಮಾಡಿಕೊ, ಊರಿನ ರುಚಿಯೂ ಆಯಿತು. ಊಟ, ನಿದ್ದೆ ಇಲ್ಲದೆ ಹೆವಿ ಲೈಟ್ ಅಂತ ಜಗಳ ಆಡಿ ಉಪಯೋಗ ಇಲ್ಲ.

ಡೊಂಬಿವಲಿ ಕುಂದಾಪ್ರ:

ಹದಿನಾಲ್ಕು ವಾರ ಆಯಿತು, ಹೇಳಿಹೋಗೋಣ ಅಂತ ಬಂದೆ.

ಭುಜ ತೋರಿಸಿದೆ. ಹರಿದಿಲ್ಲ, ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ನಾರು) ಕೆರಳಿದೆ ಅಂದರು. ಫಿಸಿಯೊ ಕೊಟ್ಟ ರಬ್ಬರ್ ಬ್ಯಾಂಡ್ ವ್ಯಾಯಾಮ ಆರು ವಾರ ಮಾಡಿದೆ. ಆ ಹೊತ್ತಿನಲ್ಲಿ ಎದೆಗೆ ಅವರು ಒಪ್ಪಿದ್ದನ್ನೇ ಮಾಡಿದೆ: ನೆಲದ ಮೇಲೆ ಮಲಗಿ ಅಂಗೈ ಎದುರುಬದುರು ಇಟ್ಟು 12.5 ಕೆಜಿ ಡಂಬೆಲ್ ಪ್ರೆಸ್. ಮೊದಲ ದಿನ ಮುಜುಗರ ಆಯಿತು, ಪಕ್ಕದಲ್ಲಿ ನನ್ನ ಜೊತೆಯವರೇ 80 ಹೊಡೆಯುತ್ತಿದ್ದರು. 22ನೇ ರೆಪ್‌ಗೆ ಡಂಬೆಲ್ ತಾನಾಗಿ ನಿಧಾನ ಆಯಿತು. ಎರಡು ವರ್ಷದಲ್ಲಿ ಎದೆ ಹಾಗೆ ಉರಿದದ್ದೇ ಇಲ್ಲ. ಹಳಬರು ಹೇಳಿದ್ದು ಆ ಕ್ಷಣಕ್ಕೆ ಅರ್ಥವಾಯಿತು.

ಈಗ ಹಳೇ ಬಿಲ್ ಪುಸ್ತಕದ ಹಿಂಭಾಗದಲ್ಲಿ ಪ್ರತಿ ಸೆಟ್ ಬರೆದಿಡುತ್ತೇನೆ. ಮೊಟ್ಟೆ ಐದಾಗಿದೆ, ಸೋಯಾ ದಿನಾ. ನಾಲ್ಕು ವಾರದಿಂದ ರಾಡ್‌ಗೆ ಮರಳಿದ್ದೇನೆ. ನಿನ್ನೆ 60 ಕೆಜಿಗೆ 10, 9, 9 ಬಂತು, ಯಾರೂ ರಾಡ್ ಮುಟ್ಟಲಿಲ್ಲ. ತೂಕ 70.5.

65 ದೂರ ಅನ್ನಿಸಿತು. ಅದಕ್ಕೆ ರಜೆ ದಿನ ಮುಂಬೈಯ ಧೋಬಿ ತಲಾವ್‌ಗೆ ಹೋಗಿ ಆಟದ ಸಾಮಾನಿನ ಅಂಗಡಿಯಲ್ಲಿ 1.25 ಕೆಜಿಯ ಒಂದು ಜೊತೆ ಪ್ಲೇಟ್ ತಂದೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಪಕ್ಕದಲ್ಲೇ ಇಟ್ಟುಕೊಂಡು ಓಡಾಡುತ್ತೇನೆ. ಸೋಮವಾರ 62.5.

ಪಿಂಪರಿ ಬೆಳಗಾವಿ:

ಆ ಪ್ಲೇಟಿನ ಫೋಟೋ ಹಾಕು ತಮ್ಮಾ, ಪುಣೆಯಲ್ಲೂ ಹುಡುಕುತ್ತೇನೆ. ನನ್ನ ಬೆಂಚ್ 100ರಲ್ಲಿ ನಿಂತು ಎಂಟು ತಿಂಗಳಾಯಿತು.